ಕಡಿಮೆ ದರದ ದೊಡ್ಡ ಆರ್ಡರ್: ಒಪ್ಪಿಕೊಳ್ಳಬೇಕೇ, ಬಿಡಬೇಕೇ?

ಪ್ರಶ್ನೆ (ದಾವಣಗೆರೆ): ನಮ್ಮದು ಶಾಲಾ ಸಮವಸ್ತ್ರ ಹೊಲಿಯುವ ಸಣ್ಣ ಘಟಕ. ಒಂದು ಅಂಗಿಯನ್ನು ಅಂಗಡಿಗಳಿಗೆ 260 ರೂಪಾಯಿಗೆ ಕೊಡುತ್ತೇವೆ. ನಮಗೆ ಬೀಳುವ ಖರ್ಚು 230. ಹುಬ್ಬಳ್ಳಿಯ ಕಂಪನಿಯೊಂದು ತನ್ನ ಕೆಲಸಗಾರರಿಗೆ 2,000 ಅಂಗಿ ಕೇಳುತ್ತಿದೆ, ಆದರೆ 200 ರೂಪಾಯಿಗೆ. ಜೇಬಿನ ಮೇಲೆ ಅವರ ಗುರುತಿನ ಕಸೂತಿ ಬೇಕಂತೆ, ಹಣ ಮೂರು ತಿಂಗಳ ನಂತರವಂತೆ. ‘ಅಂಗಿಗೆ 30 ರೂಪಾಯಿ ಕೈಯಿಂದ ಹಾಕಿ ಹೊಲಿಯಬೇಕೇ?’ ಎಂದು ನಮ್ಮ ಯಜಮಾನರು ಕೇಳುತ್ತಾರೆ. ಅನುಭವ ಇರುವವರು ತಿಳಿಸಿ.

ದಾವಣಗೆರೆಯ ಸಿದ್ಧ ಉಡುಪು ತಯಾರಕರು: ತಂಗಿ, ಆ 230ನ್ನು ಮೊದಲು ಬಿಡಿಸಿ ನೋಡಿ. ನಮ್ಮಲ್ಲಿ ಇಂಥ ಅಂಗಿಗೆ ಬಟ್ಟೆ 110, ದಾರ, ಗುಂಡಿ, ಕಾಲರ್ ಕ್ಯಾನ್ವಾಸ್ ಸೇರಿ 15, ಹೊಲಿಗೆ ಕೂಲಿ 45, ಇಸ್ತ್ರಿ ಮತ್ತು ಪ್ಯಾಕಿಂಗ್ 10. ಒಟ್ಟು 180. ಮಿಕ್ಕ 50 ಷೆಡ್ ಬಾಡಿಗೆ, ಯಂತ್ರದ ಸಾಲದ ಬಡ್ಡಿ, ಮೇಸ್ತ್ರಿಯ ಸಂಬಳ. ಈ ಆರ್ಡರ್ ಬಂದರೂ ಬಾರದಿದ್ದರೂ ಅವನ್ನು ಕಟ್ಟಲೇಬೇಕು. ನಿಮ್ಮ ಲೆಕ್ಕವೂ ಹೀಗೇ ಇದ್ದರೆ ಅಂಗಿಗೆ 30 ನಷ್ಟವಲ್ಲ, 20 ಉಳಿಕೆ, ಒಟ್ಟು 40,000.

ಅಷ್ಟಕ್ಕೇ ಹಿಗ್ಗಬೇಡಿ. ಕಸೂತಿಗೆ ಅಂಗಿಗೆ 8, ಹುಬ್ಬಳ್ಳಿಗೆ ಸಾಗಣೆ 6,000 ಎಂದಿಟ್ಟುಕೊಂಡರೆ ಆ ಮೊತ್ತ 18,000ಕ್ಕೆ ಇಳಿಯುತ್ತದೆ. ಇನ್ನು ಮೂರು ತಿಂಗಳ ಉದ್ರಿ. ನಿಮ್ಮ 3.8 ಲಕ್ಷ ಅಲ್ಲಿ ಸಿಕ್ಕಿಕೊಂಡಿರುತ್ತದೆ; ಶೇ 12ರ ಬಡ್ಡಿ ಹಿಡಿದರೂ 11,000 ದಾಟುತ್ತದೆ. ಕೈಗೆ ಬರುವುದು ಏಳು ಸಾವಿರದೊಳಗೆ. ಹಾಗಾಗಿ ದರಕ್ಕಿಂತ ಹಣದ ಗಡುವಿಗಾಗಿ ಹಟ ಹಿಡಿಯಿರಿ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಇದ್ದರೆ ಇಂಥ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ನಿಮ್ಮ ಪರವಾಗಿದೆ: ಬರಹದ ಒಪ್ಪಂದವಿದ್ದರೂ ಹಣ ಕೊಡುವುದು 45 ದಿನ ಮೀರುವಂತಿಲ್ಲ. ಕಾಯ್ದೆ ತೋರಿಸಿ ವ್ಯಾಪಾರ ಮಾಡುವುದು ಕಷ್ಟ, ಅದು ಬೇರೆ ಮಾತು. ಅರ್ಧ ಮುಂಗಡ ಕೇಳುವುದೇ ಸುಲಭ.

ಅವರಿಗೆ ಅಂಗಿ ಯಾವಾಗ ಬೇಕು ಎಂಬುದನ್ನು ನೀವು ಬರೆದೇ ಇಲ್ಲ. ಏಪ್ರಿಲ್, ಮೇ ಆದರೆ ಕಣ್ಣು ಮುಚ್ಚಿ ಬೇಡವೆನ್ನಿ. ಅದು ಶಾಲಾ ಸಮವಸ್ತ್ರದ ಹಂಗಾಮು; ಆಗ ಅಂಗಡಿಗೆ ಹೋಗುವ ಒಂದೊಂದು ಅಂಗಿಯಲ್ಲೂ 260ರಲ್ಲಿ 180 ಕಳೆದು 80 ಉಳಿಯುತ್ತದೆ. ಅಂಥ 225 ಅಂಗಿ ತಪ್ಪಿದರೆ ಈ ಆರ್ಡರಿನ 18,000 ಪೂರ್ತಿ ಹೋಯಿತು. ಹೆಚ್ಚುವರಿ ಅವಧಿಗೆ ಎರಡು ಪಟ್ಟು ಕೂಲಿ ಬೇರೆ. ಆಗಸ್ಟ್ ಕಳೆದು ಯಂತ್ರಗಳು ಸುಮ್ಮನೆ ನಿಂತಿರುವಾಗ ಆದರೆ ನಾನು ಒಪ್ಪುತ್ತೇನೆ.

ಚಳ್ಳಕೆರೆಯ ಎಣ್ಣೆ ಮಿಲ್ಲಿನವರು: ಮೇಲಿನವರ ಲೆಕ್ಕ ಉಡುಪಿಗೆ ಸರಿ, ನಮ್ಮಲ್ಲಿ ಅಷ್ಟು ಸಡಿಲವಿಲ್ಲ. ಎಣ್ಣೆಯ ಖರ್ಚಿನಲ್ಲಿ ಬಹುಪಾಲು ಶೇಂಗಾ ಬೀಜದ್ದೇ. ಬಾಡಿಗೆ, ಸಂಬಳ ಪಕ್ಕಕ್ಕಿಟ್ಟರೂ ದರ ಇಳಿಸಲು ಜಾಗ ಸಿಗುವುದಿಲ್ಲ. ಹಿಂಡಿ ಮಾರಿದ ಹಣವನ್ನು ಖರ್ಚಿನಿಂದ ಕಳೆದ ಮೇಲೆಯೇ ಹೂಂ, ಉಹೂಂ ಹೇಳುವುದು.

ಚಿತ್ರದುರ್ಗದಿಂದ ಒಬ್ಬರು: ನಾನಾದರೆ ಒಪ್ಪುವುದಿಲ್ಲ. ಬಾಡಿಗೆಯನ್ನು ಒಂದು ಆರ್ಡರಿಗೆ ಬಿಡಬಹುದು; ಎಲ್ಲ ಆರ್ಡರಿಗೂ ಬಿಟ್ಟರೆ ಕಟ್ಟುವವರು ಯಾರು? ಮುಂದಿನ ವರ್ಷ ಅದೇ ಕಂಪನಿ 200ರಿಂದಲೇ ಚೌಕಾಸಿ ಶುರು ಮಾಡುತ್ತದೆ. ನಿಮ್ಮೂರ ಚೌಕಿಪೇಟೆಯ ಅಂಗಡಿಯವರ ಕಿವಿಗೆ ಬಿದ್ದರಂತೂ 260 ಕೊಡುವವರೂ ತಗಾದೆ ತೆಗೆಯುತ್ತಾರೆ.

ದಾವಣಗೆರೆಯ ಸಿದ್ಧ ಉಡುಪು ತಯಾರಕರು: ಆ ಭಯ ನಿಜ. ಆದರೆ ಇದು ಕಾರ್ಖಾನೆಯ ಅಂಗಿ, ಶಾಲೆಯದಲ್ಲ, ಊರೂ ಬೇರೆ. ದರಪಟ್ಟಿಯಲ್ಲಿ ‘ಈ ಸಲಕ್ಕೆ ಮಾತ್ರ’ ಎಂದು ಬರೆಯಿಸಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಅವರಿಗೆ ಅಂಗಿ ದಸರೆಗೆ ಬೇಕಂತೆ. ಹೊಲಿಯುವವರಲ್ಲಿ ನಾಲ್ವರು ತಿಂಗಳ ಸಂಬಳದವರು, ಆ ದಿನಗಳಲ್ಲಿ ಅವರಿಗೆ ಕೆಲಸ ಕಡಿಮೆ; ಹಾಗಾದರೆ 45 ರೂಪಾಯಿಯ ಕೂಲಿಯನ್ನೂ ಪೂರ್ತಿ ಹಿಡಿಯಬೇಕಾಗಿಲ್ಲ ಅಲ್ಲವೇ? ಅರ್ಧ ಮುಂಗಡ, ಉಳಿದದ್ದು 45 ದಿನದಲ್ಲಿ, ಕಸೂತಿಯ ಖರ್ಚು ಅವರದು ಎಂದು ನಾಳೆ ಬರೆದು ಕಳುಹಿಸುತ್ತೇನೆ.