ಪದಚರ್ಚೆ: ‘ಕರಿಕ್ಯುಲಂ ಮ್ಯಾಪಿಂಗ್’ಗೆ ‘ನಕ್ಷೆ’ ಸಾಕಾ?

ಎಲ್ಲರಿಗೂ ನಮಸ್ಕಾರ.

ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪಾಠ ಮಾಡುವವರಿಗಾಗಿ ಒಂದು ಕಿರು ಕೈಪಿಡಿ ಬರೆಯುತ್ತಿದ್ದೇನೆ. ವಿಷಯ ಕರಿಕ್ಯುಲಂ ಮ್ಯಾಪಿಂಗ್. ಶಿಕ್ಷಕರ ಬಾಯಲ್ಲಿ ಈ ಪದ ಹಾಗೇ ಓಡಾಡುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಈ ಕೈಪಿಡಿಯನ್ನು ಮಕ್ಕಳ ತಂದೆತಾಯಿಯೂ ಓದುತ್ತಾರೆ. ತಮ್ಮ ಮಗುವಿನ ಕಲಿಕೆಯ ಬಗ್ಗೆ ನಡೆಯುವ ಸಭೆಯಲ್ಲಿ ಅವರು ಸುಮ್ನೆ ತಲೆಯಾಡಿಸಿ ಎದ್ದು ಬರುವಂತಾಗಬಾರದು, ಅಲ್ವಾ?

ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ತರಗತಿಗೆ ಯಾವ ತಿಂಗಳು ಏನು ಕಲಿಸುತ್ತೇವೆ, ಅದರಲ್ಲಿ ಯಾವ ಕೌಶಲ ಬೇಕು, ಕಲಿತದ್ದನ್ನು ಹೇಗೆ ಪರೀಕ್ಷಿಸುತ್ತೇವೆ ಎಂದು ಎಲ್ಲಾ ವಿಷಯದ ಶಿಕ್ಷಕರೂ ಬರೆದು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಅದೇ ಇದು.

ಮೊದಲು ಹೊಳೆಯುವ ಪದ ‘ಯೋಜನೆ’. ಅದು ಬೇಡ ಎನ್ನುವುದು ನನ್ನ ಅಭಿಪ್ರಾಯ. 1980ರ ಸುಮಾರಿಗೆ ಅಮೆರಿಕದ ಶಿಕ್ಷಣ ತಜ್ಞ ಫೆನ್‌ವಿಕ್ ಇಂಗ್ಲಿಷ್ ಈ ಪದ್ಧತಿಯ ಬಗ್ಗೆ ಬರೆದಾಗ ಅವರ ಪ್ರಶ್ನೆ ಇದ್ದದ್ದೇ ಬೇರೆ: ಕಾಗದದಲ್ಲಿ ಇರುವ ಪಠ್ಯಕ್ರಮದಲ್ಲಿ ತರಗತಿಯಲ್ಲಿ ನಿಜವಾಗಿ ನಡೆಯುವುದು ಎಷ್ಟು? 1990ರ ದಶಕದಲ್ಲಿ ಅಲ್ಲಿನ ಇನ್ನೊಬ್ಬ ಶಿಕ್ಷಣ ತಜ್ಞೆ ಹೈಡಿ ಹೇಯ್ಸ್ ಜೇಕಬ್ಸ್ ಇದನ್ನು ತಿಂಗಳುವಾರು ಬರೆಯುವ ರೂಪದಲ್ಲಿ ಜನಪ್ರಿಯ ಮಾಡಿದರು. ಅಂದರೆ ಇದರಲ್ಲಿ ಮುಂದೆ ಮಾಡುವುದರ ಜೊತೆ ಮಾಡಿ ಮುಗಿಸಿದ್ದೂ ಸೇರುತ್ತದೆ. ‘ಯೋಜನೆ’ ಎಂದರೆ ಮುಂದಿನದು ಮಾತ್ರ. ಈಗಾಗಲೇ ವಾರ್ಷಿಕ ಯೋಜನೆ, ಘಟಕ ಯೋಜನೆ, ಪಾಠ ಯೋಜನೆ ಬರೆದು ಸುಸ್ತಾದ ಶಿಕ್ಷಕರಿಗೆ ಇನ್ನೊಂದು ಯೋಜನೆ ಎಂದರೆ ಪುಟ ತಿರುಗಿಸುವುದೂ ಇಲ್ಲ. ‘ನೀಲನಕ್ಷೆ’ ಚೆನ್ನಾಗಿದೆ, ಆದರೆ ಶಿಕ್ಷಕರ ಮಟ್ಟಿಗೆ ಅದು ಪ್ರಶ್ನೆಪತ್ರಿಕೆಯ ಅಂಕ ಹಂಚಿಕೆ.

ಉಳಿದದ್ದು ‘ಪಠ್ಯಕ್ರಮ ನಕ್ಷೆ’. ನನಗೆ ಇದೇ ಒಪ್ಪಿಗೆ. ಆದರೆ ಒಂದು ತೊಡಕು ಇದೆ. ಕೈಪಿಡಿಯಲ್ಲಿ ಕೊಟ್ಟಿರುವ ಉದಾಹರಣೆಯನ್ನೇ ನೋಡಿ.

ವಿಜ್ಞಾನದಲ್ಲಿ ದೂರ-ಕಾಲ ನಕ್ಷೆ, ಅಂದರೆ ಗ್ರಾಫ್, ಬರುತ್ತದೆ. ಗಣಿತದಲ್ಲಿ ನಕ್ಷೆ ಎಳೆಯುವುದನ್ನು ಕಲಿಸುವುದು ಅದಾಗಿ ಎರಡು ತಿಂಗಳ ನಂತರ. ಬಹಳಷ್ಟು ಮಕ್ಕಳು ಹೇಗೋ ದಾಟಿಕೊಳ್ಳುತ್ತಾರೆ. ಲೆಕ್ಕ ಕಲಿಯುವುದರಲ್ಲೇ ತೊಂದರೆ ಇರುವ ಮಗು, ಅಂದರೆ ಡಿಸ್ಕ್ಯಾಲ್ಕ್ಯುಲಿಯಾ ಇರುವ ಮಗು, ಅಲ್ಲೇ ನಿಂತುಬಿಡುತ್ತದೆ. ಎಲ್ಲರೂ ‘ವಿಜ್ಞಾನ ಅರ್ಥವಾಗುತ್ತಿಲ್ಲ’ ಎಂದುಕೊಳ್ಳುತ್ತಾರೆ. ಎರಡೂ ವಿಷಯ ಒಂದೇ ಹಾಳೆಯಲ್ಲಿ ಇದ್ದರೆ ವಿಶೇಷ ಶಿಕ್ಷಕಿಗೆ ಇದು ಮೊದಲೇ ಕಣ್ಣಿಗೆ ಬೀಳುತ್ತದೆ. ಪಾಠಕ್ಕೆ ಹದಿನೈದು ದಿನ ಮೊದಲೇ ನೆಲದ ಮೇಲೆ ಟೇಪಿನಿಂದ ಚೌಕಗಳನ್ನು ಹಾಕಿ, ಅಡ್ಡ ಎಷ್ಟು, ಮೇಲಕ್ಕೆ ಎಷ್ಟು ಎಂದು ಮಗುವನ್ನು ನಡೆಸಿ ಕಲಿಸಬಹುದು. ಅಥವಾ ಗಣಿತದವರೇ ನಕ್ಷೆಯ ಪಾಠವನ್ನು ವಿಜ್ಞಾನಕ್ಕಿಂತ ಮೊದಲೇ ಮಾಡಬಹುದು.

ಈಗ ಇದನ್ನು ಬರೆಯಿರಿ: ‘ನಕ್ಷೆ ನೋಡಿದಾಗ ನಕ್ಷೆ ತಡವಾಗಿ ಬರುವುದು ಗೊತ್ತಾಗುತ್ತದೆ.’ ಓದುಗರು ಎಲ್ಲಿಗೆ ಹೋಗಬೇಕು? ನಮ್ಮ ಗಣಿತ ಪುಸ್ತಕಗಳಲ್ಲಿ ನಕ್ಷೆ ಎಂದರೆ ಗ್ರಾಫ್, ಮನೆ ಕಟ್ಟುವವರಿಗೆ ನಕ್ಷೆ ಎಂದರೆ ಪ್ಲಾನು. ಸದ್ಯಕ್ಕೆ ಗ್ರಾಫನ್ನು ಗ್ರಾಫ್ ಎಂದೇ ಬರೆದು, ‘ಪಠ್ಯಕ್ರಮ ನಕ್ಷೆ’ಯನ್ನು ಎಲ್ಲೂ ಮೊಟಕು ಮಾಡದೆ ಇಟ್ಟಿದ್ದೇನೆ. ‘ನಕ್ಷೀಕರಣ’ ಎಂದು ಸಲಹೆ ಬಂತು. ಬಾಯಿಬಿಟ್ಟು ಹೇಳಿ ನೋಡಿ, ಯಾವ ಅಮ್ಮನೂ ಅದನ್ನು ಸಭೆಯಲ್ಲಿ ಬಳಸುವುದಿಲ್ಲ.

ಕ್ರಿಯಾಪದದ ಮಾತು ಬೇರೆ. ‘ಐಇಪಿ ಗುರಿಗಳನ್ನು ಪಠ್ಯಕ್ರಮಕ್ಕೆ ಮ್ಯಾಪ್ ಮಾಡಿ’ ಎನ್ನುವಾಗ ಯಾರೂ ನಕ್ಷೆ ಬಿಡಿಸುತ್ತಿಲ್ಲ. ಐಇಪಿ ಅಂದರೆ ಒಂದೊಂದು ಮಗುವಿಗೂ ಬೇರೆಬೇರೆಯಾಗಿ ಬರೆಯುವ ಶಿಕ್ಷಣ ಯೋಜನೆ. 1975ರ ಅಮೆರಿಕದ ಕಾನೂನಿನಿಂದ ಅದು ಬಳಕೆಗೆ ಬಂತು. ಅದರಲ್ಲಿ ‘ಎರಡು ಹಂತದ ಸೂಚನೆಯನ್ನು ತಾನೇ ಓದಿ ಪಾಲಿಸುವುದು’ ಎಂಬ ಗುರಿ ಇದೆ ಎನ್ನಿ. ಯಾವ ತಿಂಗಳ ಯಾವ ಪಾಠದಲ್ಲಿ ಅದಕ್ಕೆ ಅವಕಾಶ ಸಿಗುತ್ತದೆ ಎಂದು ಹುಡುಕಿ ಜೋಡಿಸುವುದೇ ಇಲ್ಲಿನ ಮ್ಯಾಪಿಂಗ್. ವಿಜ್ಞಾನದ ಪ್ರಯೋಗದಲ್ಲಿ ಸಿಗಬಹುದು, ಚಿತ್ರಕಲೆಯಲ್ಲೂ ಸಿಗಬಹುದು. ಇದಕ್ಕೆ ‘ತಾಳೆ ಹಾಕುವುದು’ ಎನ್ನಬಹುದೇ? ಲೆಕ್ಕಪತ್ರದವರ ಮಾತು, ಎಲ್ಲರಿಗೂ ಗೊತ್ತು. ನನಗಂತೂ ಬಹಳ ಹಿಡಿಸಿದೆ.

ಇನ್ನೊಂದು ಜೋಡಿ ಪದದ ಬಗ್ಗೆ ನನಗೆ ಜಾಸ್ತಿ ಕಾಳಜಿ. ಪಠ್ಯಕ್ರಮ ನಕ್ಷೆಯಲ್ಲಿ ಪ್ರತಿ ಪಾಠದ ಎದುರು ಅಕಾಮಡೇಷನ್, ಮಾಡಿಫಿಕೇಶನ್ ಎಂದು ಎರಡು ಕಾಲಂ ಸೇರಿಸುತ್ತಾರೆ. ದ್ಯುತಿಸಂಶ್ಲೇಷಣೆಯ ಪಾಠ ಎಂದಿಟ್ಟುಕೊಳ್ಳಿ. ದೃಷ್ಟಿ ಕಡಿಮೆ ಇರುವ ಮಗುವಿಗೆ ದಪ್ಪಕ್ಷರದ ಹಾಳೆ, ಡಿಸ್ಲೆಕ್ಸಿಯಾ (ಓದು-ಬರಹದಲ್ಲಿ ತೊಂದರೆ) ಇರುವ ಮಗುವಿಗೆ ಬಾಯಲ್ಲಿ ಉತ್ತರಿಸುವ ಅವಕಾಶ ಕೊಟ್ಟರೆ ಅದು ಮೊದಲನೆಯದು. ಕಲಿಯಬೇಕಾದದ್ದು ಎಲ್ಲರಂತೆಯೇ ಇರುತ್ತದೆ. ಬೌದ್ಧಿಕ ಅಂಗವೈಕಲ್ಯ ಇರುವ ಮಗುವಿಗೆ ‘ಗಿಡಕ್ಕೆ ಬೆಳಕು, ನೀರು, ಗಾಳಿ ಬೇಕು’ ಎಂಬಷ್ಟನ್ನೇ ಗುರಿಯಾಗಿಟ್ಟರೆ ಅದು ಎರಡನೆಯದು.

ಎರಡಕ್ಕೂ ‘ರಿಯಾಯಿತಿ’ ಎಂದು ಬರೆಯುವುದನ್ನು ನೋಡಿದ್ದೇನೆ. ಇದು ನನಗೆ ನೋವಿನ ವಿಷಯ. ಬಾಯಲ್ಲಿ ಉತ್ತರ ಹೇಳಿದ ಮಗುವಿಗೆ ಯಾರೂ ಏನನ್ನೂ ಬಿಟ್ಟುಕೊಟ್ಟಿಲ್ಲ. ಎಲ್ಲರೂ ಕಲಿತದ್ದನ್ನೇ ಅದೂ ಕಲಿತಿದೆ. ‘ವಿನಾಯಿತಿ’ಯೂ ಅಷ್ಟೇ. ನಾನು ‘ಅನುಕೂಲ’ ಮತ್ತು ‘ಮಾರ್ಪಾಡು’ ಎಂದು ಬರೆದಿದ್ದೇನೆ. ಮಾರ್ಪಾಡು ಗಟ್ಟಿಯಾಗಿದೆ. ಅನುಕೂಲ ಸ್ವಲ್ಪ ಸಡಿಲ ಅನಿಸುತ್ತಿದೆ, ‘ಕಲಿಕಾ ಅನುಕೂಲ’ ಎಂದರೆ ಸರಿಹೋಗುತ್ತದೋ ಏನೋ.

ಯಾವ ವಿಷಯದಲ್ಲೂ ಕಲಿಸದೆ ಬಿಟ್ಟುಹೋದ ಭಾಗಕ್ಕೆ ‘ಕೊರತೆ’ ಬಳಸುತ್ತಿಲ್ಲ, ಮಗುವಿನ ಕೊರತೆ ಎಂದು ಓದಿಸಿಕೊಳ್ಳುತ್ತದೆ. ‘ಬಿಟ್ಟ ಜಾಗ’ ಎಂದೇ ಇಟ್ಟಿದ್ದೇನೆ.

ತರಗತಿಯಲ್ಲಿ ಪಾಠ ಮಾಡುವವರು, ಇಂಥ ಸಭೆಗಳಲ್ಲಿ ಕೂತ ತಂದೆತಾಯಿ ಇಲ್ಲಿ ಇದ್ದರೆ ದಯವಿಟ್ಟು ಉತ್ತರಿಸಿ. ‘ತಾಳೆ’ ಮತ್ತು ‘ಅನುಕೂಲ’, ಈ ಎರಡರ ಬಗ್ಗೆ ಮೊದಲು ಹೇಳಿ. ನೀವು ದಿನವೂ ಆಡುವ ಪದ ಬೇರೆ ಇದ್ದರೆ ನನಗೆ ಅದೇ ಬೇಕು.