ಟ್ರ್ಯಾಕ್ ಓಟಕ್ಕೆ ಕಂಪನಿಯ ರೇಡಿಯೇಟರ್ ಸಾಕೇ?

ಪ್ರಶ್ನೆ: ನನ್ನ ಸ್ಪೋರ್ಟ್ಸ್ ಕಾರಿನ ಕೂಲಂಟ್ (ಎಂಜಿನ್ ತಣಿಸುವ ದ್ರವ) ತಾಪಮಾನ ರಸ್ತೆಯಲ್ಲಿ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆಯಾದರೂ ಟ್ರ್ಯಾಕಿನಲ್ಲಿ ಕೆಲವು ಸುತ್ತುಗಳಾದ ಮೇಲೆ 110 ದಾಟುತ್ತದೆ. ಆ ದ್ರವವನ್ನು ಗಾಳಿಯಿಂದ ತಣಿಸುವ ರೇಡಿಯೇಟರ್ ಬದಲಿಸಿ, ದಪ್ಪನೆಯ ಅಲ್ಯುಮಿನಿಯಂ ರೇಡಿಯೇಟರ್ ಹಾಕಿಸುವುದು ಸೂಕ್ತವೇ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1: ಮೊದಲು ಕಾರಣವನ್ನು ಖಚಿತಪಡಿಸಿಕೊಳ್ಳಿ. ಹಳೆಯ ಕೂಲಂಟ್, ಒತ್ತಡ ಹಿಡಿಯದ ರೇಡಿಯೇಟರ್ ಕ್ಯಾಪ್, ಪೂರ್ತಿ ತೆರೆಯದ ಥರ್ಮೋಸ್ಟಾಟ್ (ತಾಪಕ್ಕೆ ತಕ್ಕಂತೆ ಕೂಲಂಟ್ ಹರಿವನ್ನು ನಿಯಂತ್ರಿಸುವ ಕವಾಟ), ರೇಡಿಯೇಟರ್‌ನ ಫಿನ್‌ಗಳ (ತೆಳು ಲೋಹದ ಪಟ್ಟಿಗಳ) ನಡುವೆ ತುಂಬಿದ ಧೂಳು, ಇವುಗಳಲ್ಲಿ ಯಾವುದಿದ್ದರೂ ಹೊಸ ರೇಡಿಯೇಟರ್ ಆ ದೋಷವನ್ನು ಮರೆಮಾಡೀತೇ ಹೊರತು ನಿವಾರಿಸದು. ಎಲ್ಲವೂ ಸರಿಯಿದ್ದೂ ತಾಪ ಏರುತ್ತಲೇ ಹೋದರೆ ಬದಲಾಯಿಸುವುದು ನ್ಯಾಯವೇ. ರಸ್ತೆಯಲ್ಲಷ್ಟೇ ಓಡಿಸುವವರಿಗೆ ಮಾತ್ರ ಇದರಿಂದ ಹೆಚ್ಚಿನ ಲಾಭ ಕಾಣದು, ಏಕೆಂದರೆ ಅಲ್ಲಿ ತಾಪಮಾನವನ್ನು ನಿರ್ಧರಿಸುವುದು ಥರ್ಮೋಸ್ಟಾಟ್.

ಉತ್ತರ 2: ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ದಪ್ಪವನ್ನೇ ಗುಣವೆಂದು ನಂಬಬೇಡಿ. ರೇಡಿಯೇಟರ್‌ನ ಕೋರ್ (ಕೊಳವೆ, ಫಿನ್‌ಗಳಿರುವ ನಡುಭಾಗ) ದಪ್ಪವಾದಷ್ಟೂ ಗಾಳಿ ಅದರ ಮೂಲಕ ಹಾಯುವುದು ಕಷ್ಟವಾಗುವುದರಿಂದ, ಎದುರಿನಿಂದ ಬಂದ ಗಾಳಿ ಪಕ್ಕದ ಸಂದುಗಳಲ್ಲಿ ನುಸುಳಿಹೋಗದಂತೆ ಮುಚ್ಚುವುದು ಅಗ್ಗವೂ ಪರಿಣಾಮಕಾರಿಯೂ ಆದ ಮೊದಲ ಹೆಜ್ಜೆ. ಎಂಜಿನ್ ಆಯಿಲ್ ತಾಪವನ್ನೂ ಅಳೆಯಿರಿ; ಅದೇ ಮಿತಿ ಮೀರುತ್ತಿದ್ದರೆ ಆಯಿಲನ್ನು ತಣಿಸುವ ಆಯಿಲ್ ಕೂಲರ್‌ನ ಅಗತ್ಯವೇ ಹೆಚ್ಚು.

ಉತ್ತರ 3: ಕಾರು ಹಳೆಯದಾಗಿದ್ದರೆ, ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಕೋರ್‌ಗೆ ಸೇರುವ ಅಂಚಿನಲ್ಲಿ ಸೋರಿಕೆಯ ಗುರುತಿದೆಯೇ ಎಂದು ಪರೀಕ್ಷಿಸಿ. ಇದ್ದರೆ ಯೋಚಿಸದೆ ಬದಲಾಯಿಸಿ.