ಗದ್ದೆಯಿಂದ ಪ್ಯಾರಾಮೋಟರ್ ಟೇಕಾಫ್: ಸಿಲ್ವರ್ ಓಕ್ ಸಾಲನ್ನು ದಾಟುವುದು ಹೇಗೆ?

ಕೂಳೆಗದ್ದೆ:
ಪ್ಯಾರಾಮೋಟರ್ (ಬೆನ್ನಿಗೆ ಎಂಜಿನ್, ಪ್ರೊಪೆಲ್ಲರ್ ಹೊತ್ತು ಬಟ್ಟೆಯ ರೆಕ್ಕೆಯಡಿ ಹಾರುವ ಸಾಧನ) ಹಾರಿಸಲು ಸಿಕ್ಕಿರುವುದು ಗೋಣಿಕೊಪ್ಪದ ಬಳಿ ಕೊಯ್ಲು ಮುಗಿದ ಗದ್ದೆ. ಉದ್ದ 220 ಮೀಟರ್, ಅಗಲ 130, ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 850 ಮೀಟರ್ ಎತ್ತರ. ಮೇಲ್ತುದಿಯಲ್ಲಿ ಕಾಫಿ ತೋಟ, 25 ಮೀಟರಿನ ಸಿಲ್ವರ್ ಓಕ್‌ಗಳು. ಬೆಳಿಗ್ಗೆ ಏಳಕ್ಕೆ ಗಾಳಿ ತೋಟದ ಕಡೆಯಿಂದಲೇ ಮೆಲ್ಲಗೆ ಇಳಿದು ಬರುವುದರಿಂದ ಮರಗಳತ್ತಲೇ ಓಡಬೇಕು. ಕರಾವಳಿಯಲ್ಲಿ ಸೆಕೆಂಡಿಗೆ 2 ಮೀಟರ್ ಏರುತ್ತಿದ್ದ ಮೋಟರ್ ಇಲ್ಲಿ 1.6 ದಾಟುತ್ತಿಲ್ಲ. ಕಾಲು ನೆಲ ಬಿಟ್ಟ ಕೂಡಲೇ ಫುಲ್ ಥ್ರಾಟಲ್ ಇಟ್ಟು ಬ್ರೇಕ್ (ರೆಕ್ಕೆಯ ಹಿಂದಿನ ಅಂಚನ್ನು ಕೆಳಗೆಳೆಯುವ ಹಗ್ಗ) ಎಳೆದರೆ ಬೇಗ ಏರಬಹುದೇ?

ಗಾಳಿಚೀಲ:
ಎಳೆಯಬೇಡಿ. ಬ್ರೇಕ್ ಎಳೆದಾಗ ಮೇಲೆತ್ತಿದಂತೆ ಅನ್ನಿಸುವುದು ಒಂದೆರಡು ಸೆಕೆಂಡ್ ಮಾತ್ರ, ಅದೂ ಇದ್ದ ವೇಗವನ್ನು ಖರ್ಚು ಮಾಡಿ. ಫುಲ್ ಥ್ರಾಟಲ್‌ನಲ್ಲಿ ದೇಹ ಮುಂದಕ್ಕೆ ತೂಗಿ ರೆಕ್ಕೆ ಹಿಂದೆ ಉಳಿದಿರುತ್ತದೆ, ಆಂಗಲ್ ಆಫ್ ಅಟ್ಯಾಕ್ (ಎದುರು ಗಾಳಿಗೆ ರೆಕ್ಕೆಯ ಕೋನ) ಆಗಲೇ ಜಾಸ್ತಿ. ಅದರ ಮೇಲೆ ಆಳವಾಗಿ ಬ್ರೇಕ್ ಹಾಕಿದರೆ ಸ್ಟಾಲ್, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಂಡು ಬೀಳುತ್ತದೆ. ಹದಿನೈದು ಮೀಟರ್ ಎತ್ತರದಲ್ಲಿ ರಿಸರ್ವ್ (ತುರ್ತು ಪ್ಯಾರಾಚೂಟ್) ಎಸೆದರೂ ಬಿಚ್ಚಿಕೊಳ್ಳಲು ಪುರುಸೊತ್ತಿಲ್ಲ.

ಲೆಕ್ಕ ನೋಡಿ. ಗಾಳಿ ನಿಂತಿದ್ದರೆ ನಿಮ್ಮ ವೇಗ ಗಂಟೆಗೆ 36 ಕಿ.ಮೀ. ಅಂದರೆ ಸೆಕೆಂಡಿಗೆ 10 ಮೀಟರ್. 1.6ರ ಏರಿಕೆಗೆ ನೂರು ಮೀಟರಿಗೆ 16 ಮೀಟರ್ ಎತ್ತರ. ಓಟಕ್ಕೆ 40 ಮೀಟರ್ ಹೋದರೆ ಉಳಿದ 180ರಲ್ಲಿ ಸಿಗುವುದು 29. ಮರದ ತುದಿಗೂ ನಿಮ್ಮ ಬೂಟಿಗೂ ನಾಲ್ಕು ಮೀಟರ್! ಗಾಳಿ ತೋಟ ದಾಟಿ ಬರುವಾಗ ಮರಸಾಲಿನ ಈಚೆ ಬದಿಯಲ್ಲಿ ಇಳಿಗಾಳಿ ಇರುತ್ತದೆ, ಆ ನಾಲ್ಕೂ ಅಲ್ಲೇ ಹೋಗುತ್ತದೆ.

ನೇರ ದಾಟುವ ಯೋಚನೆಯನ್ನೇ ಬಿಟ್ಟು ಗದ್ದೆಯ ಮೇಲೇ ಸುತ್ತು ಹಾಕಿ ಏರಿ. ಒಂದು ಬದಿಯ ಅಂಚಿನಿಂದ ಹೊರಡಿ. 15 ಮೀಟರ್ ಎತ್ತರ ಸಿಕ್ಕಮೇಲೆ (ಮರಗಳು ಆಗ ಇನ್ನೂ 85 ಮೀಟರ್ ಮುಂದಿರುತ್ತವೆ) ಅಗಲದ ಕಡೆಗೆ ಮೆಲ್ಲಗೆ ತಿರುಗಿ. 20 ಡಿಗ್ರಿ ವಾಲಿಸಿದರೆ ತಿರುವಿನ ತ್ರಿಜ್ಯ ಸುಮಾರು 28 ಮೀಟರ್, ನಿಮ್ಮ ಅಗಲಕ್ಕೆ ಹಿಡಿಸುತ್ತದೆ. ಗಾಳಿ ಬೆನ್ನಿಗೆ ಬಂದಾಗ ನೆಲ ಜೋರಾಗಿ ಓಡಿದಂತೆ ಕಾಣುತ್ತದೆ. ಅದನ್ನು ನೋಡಿ ಬ್ರೇಕ್ ಹಿಡಿಯುವವರೇ ಹೆಚ್ಚು, ಹಿಡಿಯಬಾರದು. 60 ಮೀಟರ್ ಆಗುವವರೆಗೆ ಗದ್ದೆ ಬಿಟ್ಟು ಹೋಗಬೇಡಿ. ಹೊಸ ಕೈಯಾದರೆ ಈ ಗದ್ದೆಯೇ ಬೇಡ, ಕುಶಾಲನಗರದ ಕಡೆಯ ಬಯಲು ವಾಸಿ.

ಎ-ರೈಸರ್:
ಏರಿಕೆ ಕೆಡುವುದು ಬಹಳ ಸಲ ಓಟದಲ್ಲೇ. ಇಬ್ಬನಿಗೆ ನೆಂದ ರೆಕ್ಕೆ ಭಾರವಾಗಿ ಹಿಂದೆ ತೂಗುತ್ತದೆ, ಕೂಳೆಗೆ ಲೈನ್ (ರೆಕ್ಕೆಯ ದಾರ) ಸಿಕ್ಕಿಕೊಳ್ಳುತ್ತದೆ. ಕಾಫಿ ಒಣಗಿಸುವ ಟಾರ್ಪಾಲ್ ಹಾಸಿ, ಮೂಲೆಗಳಿಗೆ ಗೂಟ ಹೊಡೆದು, ಅದರ ಮೇಲೆ ರೆಕ್ಕೆಯನ್ನು ಬಿಲ್ಲಿನಂತೆ ಹರಡಿ, ನಡುಭಾಗ ಎಲ್ಲಕ್ಕಿಂತ ಹಿಂದಿರಲಿ. ಬದುಗಳಿಗೆ ಅಡ್ಡಲಾಗಿ ಓಡಬೇಡಿ. ಆನೆ ಬಂದುಹೋದ ಗದ್ದೆಯಾದರೆ ಒಣಗಿದ ಹೆಜ್ಜೆಗುಂಡಿಗಳನ್ನು ಮೊದಲೇ ನಡೆದು ನೋಡಿ, 30 ಕಿಲೋ ಬೆನ್ನಿಗೆ ಹೊತ್ತು ಓಡುವಾಗ ಕಾಲು ಉಳುಕಲು ಒಂದೇ ಸಾಕು.

ಕಾಲಿನ ಬೆಲ್ಟ್‌ಗಳನ್ನು ಮೊದಲು ಹಾಕಿ, ಕೊನೆಗೆ ಇನ್ನೊಮ್ಮೆ ನೋಡಿ. ಗಾಳಿ ಇಲ್ಲದಿದ್ದರೆ ಮುಮ್ಮುಖ ಓಟ: ಎ-ರೈಸರ್‌ಗಳನ್ನು (ರೆಕ್ಕೆಯ ಮುಂಬದಿಯ ಲೈನ್ ಸೇರುವ ಪಟ್ಟಿಗಳು) ಹಗುರಾಗಿ ಹಿಡಿದು ಎದೆಯಿಂದ ತಳ್ಳಿ, ರೆಕ್ಕೆ ನೆತ್ತಿಗೆ ಬಂದಮೇಲೆ ಬಿಡಿ. ಓರೆಯಾದರೆ ಅದರ ಕೆಳಗೆ ಓಡಿ ಸರಿಮಾಡಿ. ಪೂರ್ತಿ ಪವರ್ ಆಮೇಲೆ. ರೆಕ್ಕೆ ಹಿಂದಿರುವಾಗಲೇ ಥ್ರಾಟಲ್ ಒತ್ತಿದರೆ ಮೋಟರ್ ನಿಮ್ಮನ್ನು ಮುಂದೆ ತಳ್ಳುತ್ತದೆ, ರೆಕ್ಕೆ ಅಲ್ಲೇ ನಿಲ್ಲುತ್ತದೆ. ಕಾಲು ತೇಲಿತೆಂದು ಕೂರಬೇಡಿ, ಓಡುತ್ತಲೇ ಇರಿ. ಹಾರ್ನೆಸ್‌ನಲ್ಲಿ ಕೂರುವುದು 30 ಮೀಟರ್ ದಾಟಿದ ಮೇಲೆ. 80 ಮೀಟರಿಗೆ ಒಂದು ಬಾವುಟ ನೆಡಿ. ಅಲ್ಲಿಗೂ ಕಾಲು ಬಿಡದಿದ್ದರೆ ಥ್ರಾಟಲ್ ಬಿಟ್ಟು, ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಒತ್ತಿ, ಎರಡೂ ಬ್ರೇಕ್ ಎಳೆದು ನಿಲ್ಲಿ.

ಟೂಸ್ಟ್ರೋಕ್:
ಬಿಸಿಗೆ ಗಾಳಿ ತೆಳುವಾಗುವುದರಿಂದ 17 ಡಿಗ್ರಿಯ ಬೆಳಿಗ್ಗೆ ನಿಮ್ಮ ಗದ್ದೆ ಎಂಜಿನ್‌ಗೆ 1,100 ಮೀಟರ್ ಎತ್ತರದಂತೆ, 30 ಡಿಗ್ರಿಯಾದರೆ 1,600ರಂತೆ. ಕರಾವಳಿಯಲ್ಲಿ ಟ್ಯೂನ್ ಮಾಡಿದ ಕಾರ್ಬ್ಯುರೇಟರ್ ಇಲ್ಲಿ ರಿಚ್ ಆಗಿ (ಗಾಳಿಗಿಂತ ಪೆಟ್ರೋಲ್ ಪಾಲು ಜಾಸ್ತಿಯಾಗಿ) ಓಡುತ್ತದೆ. ಹೈ ನೀಡಲನ್ನು (ಜೋರು ಥ್ರಾಟಲಿಗೆ ಪೆಟ್ರೋಲ್ ಹೊಂದಿಸುವ ತಿರುಪು) ಅತಿ ಸ್ವಲ್ಪವೇ ತಿರುಗಿಸಿ, ಜಾಸ್ತಿ ಲೀನ್ ಆದರೆ (ಪೆಟ್ರೋಲ್ ತೀರಾ ಕಮ್ಮಿಯಾದರೆ) ಪಿಸ್ಟನ್ ಹಿಡಿಯುತ್ತದೆ. ಎಥನಾಲ್ ಬೆರೆತ ಪೆಟ್ರೋಲನ್ನು ವಾರಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ಕಾರ್ಬ್ಯುರೇಟರಿನ ಡಯಾಫ್ರಾಮ್ (ತೆಳು ಪೊರೆ) ಗಟ್ಟಿಯಾಗುತ್ತದೆ.

ಕೂಳೆಗದ್ದೆ:
ಫುಲ್ ಥ್ರಾಟಲ್‌ನಲ್ಲಿ ಬಲಕ್ಕೆ ಎಳೆಯುತ್ತದೆ. ಎಡ ಬ್ರೇಕ್ ಹಿಡಿದುಕೊಳ್ಳಬಹುದೇ?

ಗಾಳಿಚೀಲ:
ಅದು ಟಾರ್ಕ್, ಪ್ರೊಪೆಲ್ಲರ್ ತಿರುಗುವುದಕ್ಕೆ ಎದುರಾಗಿ ದೇಹವನ್ನು ತಿರುಗಿಸುವ ಬಲ. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಅಪ್ರದಕ್ಷಿಣವಾಗಿ ತಿರುಗಿದರೆ ದೇಹ ಬಲಕ್ಕೆ ವಾಲುತ್ತದೆ. ಎಡ ಬ್ರೇಕ್ ಆಳಕ್ಕೆ ಹೋದರೆ ಎಡ ರೆಕ್ಕೆ ಸ್ಟಾಲ್ ಆಗಿ ಸ್ಪಿನ್ (ಗಿರಗಿರನೆ ಸುತ್ತಿ ಬೀಳುವುದು). ಮೊದಲು ಥ್ರಾಟಲನ್ನು ಮುಕ್ಕಾಲಿಗೆ ಇಳಿಸಿ, ಭಾರ ಎಡಕ್ಕೆ ಹಾಕಿ, ಬ್ರೇಕ್ ಬೆರಳಿನಷ್ಟೇ. ಥ್ರಾಟಲನ್ನು ಒಮ್ಮೆಗೇ ಬಿಡಬೇಡಿ, ರೆಕ್ಕೆ ಮುಂದಕ್ಕೆ ನುಗ್ಗುತ್ತದೆ. ಎಂಜಿನ್ ತಾನೇ ನಿಂತರೂ ಅದೇ ಆಗುವುದು: ಚಿಕ್ಕದಾಗಿ ಬ್ರೇಕ್ ಕೊಟ್ಟು ನುಗ್ಗನ್ನು ತಡೆದು ತಕ್ಷಣ ಕೈ ಮೇಲೆ.

ಮೊದಲ ತಿರುವು ಯಾವ ಕಡೆ ಎಂಬುದನ್ನು ಪಂಪ್‌ಸೆಟ್ಟಿನ ಕರೆಂಟ್ ಲೈನ್ ನೋಡಿ ನಿರ್ಧರಿಸಿ. ಬೆಳಗಿನ ಮಂಜಿನಲ್ಲಿ ತಂತಿ ಕಾಣುವುದಿಲ್ಲ, ಕಂಬ ಲೆಕ್ಕ ಹಾಕಿ.